ವಾಡಿಯಿಂದ ಚಿಂಚೋಳಿಗೆ: ಆರಿಸಿದ್ದು ತಪ್ಪಾಯಿತೇ?

ಸಹೋದರಿಯರೇ, ನಿಮ್ಮ ಹಳೆಯ ಅಡುಗೆಮನೆಯ ಕಟ್ಟೆಯನ್ನೋ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲನ್ನೋ ಒಮ್ಮೆ ನೋಡಿ. ಬೂದು ಬಣ್ಣದ, ಚಪ್ಪಟೆಯಾದ, ಬರಿಗಾಲಿಗೆ ತಂಪೆನಿಸುವ ಕಲ್ಲಾಗಿದ್ದರೆ ಅದು ಶಹಾಬಾದಿನಿಂದ ಬಂದಿರಬಹುದು. ಕಲಬುರಗಿಯಿಂದ ರೈಲು ಹತ್ತಿ ದಕ್ಷಿಣಕ್ಕೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಶಹಾಬಾದ್ ಬರುತ್ತದೆ. ಹಳಿಯ ಪಕ್ಕದಲ್ಲಿ ಪುಸ್ತಕ ಜೋಡಿಸಿಟ್ಟಂತೆ ಕಲ್ಲಿನ ಹಲಗೆಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ಊರವರು ಅದಕ್ಕೆ ಫರ್ಸಿ ಎನ್ನುತ್ತಾರೆ. ಮನೆಯ ನೆಲ, ಅಂಗಡಿಯ ಮೆಟ್ಟಿಲು, ಮಸೀದಿಯ ಅಂಗಳ ಎಲ್ಲವೂ ಫರ್ಸಿಯೇ. ಪದರ ಪದರವಾಗಿ ಏಳುವ ಈ ಸುಣ್ಣಕಲ್ಲೇ ಪುಡಿಯಾದರೆ ಸಿಮೆಂಟು. ಆದ್ದರಿಂದಲೇ ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಭಾಗಕ್ಕೆಲ್ಲ ಒಂದಾದ ಮೇಲೊಂದು ಸಿಮೆಂಟ್ ಕಾರ್ಖಾನೆಗಳು ಬಂದವು.

ಕಲ್ಲಿನ ಮಾತು ಮೊದಲೇ ಏಕೆ ಎತ್ತಿದೆನೆಂದರೆ, ನಾನು ಹೇಳಹೊರಟಿರುವುದು ಒಂದು ಕಾಲಿನ ಕಥೆ. ಆ ಕಾಲು ಈ ಕಲ್ಲಿನ ಮೇಲೆ ಓಡಿದ ಕಾಲು.

2025ರ ಆಗಸ್ಟ್ ತಿಂಗಳ ಮಾತು. ನಾವು ಈಗ ಇರುವುದು ಹುಬ್ಬಳ್ಳಿಯಲ್ಲಿ. ನನ್ನ ಆಪಾ ಮದುವೆಯಾಗಿ ವಾಡಿಗೆ ಹೋದವಳು. ಅವಳ ಮಗಳು ಒಂಬತ್ತನೆಯ ತರಗತಿ. ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಕ್ಕೆ ಶಾಲೆಯ ಖೋ ಖೋ ತಂಡದಲ್ಲಿ ಅವಳ ಹೆಸರು ಬಂದಿತ್ತು. "ಖಾಲಾ, ನೀವು ಬರಲೇಬೇಕು" ಎಂದು ಹದಿನೈದು ದಿನ ದಿನಕ್ಕೊಮ್ಮೆ ಫೋನು. ಪಂದ್ಯ ಚಿತ್ತಾಪುರದಲ್ಲಿ. ಅದು ಮುಗಿಸಿಕೊಂಡು ಸೇಡಂನಲ್ಲಿ ಫುಫಿಯ ಮನೆ, ಚಿಂಚೋಳಿಯಲ್ಲಿ ಚಾಚಾನ ಮನೆ ನೋಡಿ ಬರೋಣವೆಂದು ಎಂಟು ದಿನದ ಬಟ್ಟೆ ಕಟ್ಟಿಕೊಂಡು ಹೊರಟೆ. ನಮ್ಮ ಮನೆಮಾತು ದಖನಿ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಆ ಮಾತಿನ ರುಚಿ ಅಷ್ಟರಮಟ್ಟಿಗೆ ಕಡಿಮೆಯಾದೀತು, ಕ್ಷಮಿಸಿ.

ವಾಡಿ ರೈಲಿನಿಂದ ಹುಟ್ಟಿದ ಊರು. ಮುಂಬೈ ಕಡೆಯಿಂದ ಬಂದ ಹಳಿಗೆ ಇಲ್ಲಿ ನಿಜಾಮರ ಹಳಿ ಸೇರಿತು. ಸಿಕಂದರಾಬಾದಿಗೆ ಆ ಮಾರ್ಗ ತೆರೆದದ್ದು 1874ರಲ್ಲಿ. ಇಂದಿಗೂ ಅಷ್ಟೆ. ಸೊಲ್ಲಾಪುರ, ರಾಯಚೂರು, ಹೈದರಾಬಾದ್ ಮೂರು ಕಡೆಯ ಗಾಡಿಗಳೂ ಇಲ್ಲಿ ಸಂಧಿಸುತ್ತವೆ. ರಾತ್ರಿ ಎರಡು ಗಂಟೆಗೂ ಪ್ಲಾಟ್‌ಫಾರಂನಲ್ಲಿ ಚಹಾದವನ ಕೂಗು ಕೇಳುತ್ತದೆ. ಆಪಾಳ ಮನೆ ಹಳಿಯಿಂದ ಕೂಗಳತೆಯಲ್ಲಿದೆ. ಗೂಡ್ಸ್ ಗಾಡಿ ಹೋದಾಗಲೆಲ್ಲ ಗಾಜಿನ ಕಪಾಟಿನೊಳಗಿನ ಕಪ್ಪು ಬಸಿಗಳು ಕಿಣಿಕಿಣಿ ಎನ್ನುತ್ತವೆ. ಮನೆಯವರಿಗೆ ಅದು ಕೇಳಿಸುವುದೇ ಇಲ್ಲ.

ಬಾಗಿಲಲ್ಲಿ ನನ್ನನ್ನು ಎದುರುಗೊಳ್ಳಬೇಕಿದ್ದ ಹುಡುಗಿ ಮಂಚದ ಮೇಲಿದ್ದಳು. ಬಲಗಾಲಿಗೆ ಮೊಣಕಾಲಿನ ಕೆಳಗಿನಿಂದ ಬಿಳಿಯ ಪ್ಲಾಸ್ಟರ್. ನನಗೆ ಹೇಳಿರಲೇ ಇಲ್ಲ! ಹೇಳಿದರೆ ಖಾಲಾ ಬರುವುದಿಲ್ಲವೆಂದು ಅವಳೇ ತಡೆದಿದ್ದಳಂತೆ.

ನಡೆದದ್ದು ಹೀಗೆ. ಪಂದ್ಯಕ್ಕೆ ಹನ್ನೊಂದು ದಿನವಿರುವಾಗ ಸಂಜೆಯ ಅಭ್ಯಾಸದಲ್ಲಿ ಕಂಬವನ್ನು ಹಿಡಿದು ಗರ್ರನೆ ತಿರುಗುವಾಗ ಬಿದ್ದಳು. ಮೈದಾನವೆಂದರೆ ಮೇಲೆ ನಾಲ್ಕು ಬೆರಳು ಮೊರಂ ಮಣ್ಣು, ಅದರಡಿ ಅದೇ ಫರ್ಸಿ ಬಂಡೆ. ಎತ್ತಿ ತಂದರು. ಪಕ್ಕದ ಮನೆಯ ಅಜ್ಜಿ ಪ್ರೀತಿಯಿಂದ ಬಿಸಿ ಎಣ್ಣೆ ಹಚ್ಚಿ ನೀವಿದರು. ರಾತ್ರಿಯೊಳಗೆ ಕಾಲು ಕುಂಬಳಕಾಯಿಯಾಯಿತು. ಮರುದಿನ ಎಕ್ಸ್‌ರೇ ತೆಗೆಸಿದರೆ ಕಣಕಾಲಿನ ಎಲುಬಿನಲ್ಲಿ ಬಿರುಕು. ಆರು ವಾರ ಪ್ಲಾಸ್ಟರ್.

ಆ ಮೇಲೆ ಡಾಕ್ಟರು ಕೇಳಿದ ಒಂದು ಪ್ರಶ್ನೆಗೆ ಆಪಾ ಬೆಚ್ಚಿಬಿದ್ದಳಂತೆ. "ಈ ಜಾಗದಲ್ಲಿ ಮೊದಲಿನಿಂದ ನೋವಿತ್ತೇನಮ್ಮಾ?" ಹುಡುಗಿ ತಲೆ ತಗ್ಗಿಸಿದಳು. ಹದಿನೈದು ದಿನದಿಂದ ಇತ್ತು. ಓಡುವಾಗ ಹೆಚ್ಚು, ಮಲಗಿದರೆ ಕಡಿಮೆ, ಬೆರಳಿಟ್ಟು ತೋರಿಸಬಹುದಾದಷ್ಟು ಒಂದೇ ಜಾಗದಲ್ಲಿ. ಹೇಳಿದರೆ ತಂಡದಿಂದ ಕೈಬಿಡುತ್ತಾರೆಂದು ಹೇಳಿರಲಿಲ್ಲ.

ಇದು ನಿಮಗೂ ಉಪಯೋಗಕ್ಕೆ ಬರುವ ಮಾತು, ಆದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ. ಮಕ್ಕಳಿಗೆ ಗಾಯವಾಗುವುದು ಪಂದ್ಯದ ದಿನ ಮಾತ್ರವಲ್ಲ. ಪಂದ್ಯಕ್ಕೆ ಮುಂಚಿನ ಅಭ್ಯಾಸದ ದಿನಗಳಲ್ಲೂ ಬಹಳ. ಏಪ್ರಿಲ್, ಮೇ ಎರಡು ತಿಂಗಳು ಈ ಸೀಮೆಯ ಬಿಸಿಲಿಗೆ ಮನೆಯೊಳಗೆ ಕುಳಿತಿದ್ದ ಮಗು ಜೂನಿನಲ್ಲಿ ಶಾಲೆಗೆ ಹೋಗುತ್ತದೆ. ಜುಲೈಯಲ್ಲಿ ತಂಡದ ಆಯ್ಕೆ, ಆಗಸ್ಟಿನಲ್ಲಿ ಪಂದ್ಯ. ಒಮ್ಮೆಲೇ ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಓಟ. ಉಸಿರು ಬೇಗ ಹೊಂದಿಕೊಳ್ಳುತ್ತದೆ, ಸ್ನಾಯುವೂ ಹೊಂದಿಕೊಳ್ಳುತ್ತದೆ. ಎಲುಬು ಮಾತ್ರ ನಿಧಾನ. ಅದಕ್ಕೆ ಬಿಡುವು ಸಿಗದಿದ್ದರೆ ಕೂದಲೆಳೆಯಂಥ ಸೀಳು ಬಿಡುತ್ತದೆ. ಹನ್ನೆರಡರಿಂದ ಹದಿನಾರರ ಹೆಣ್ಣುಮಕ್ಕಳು ಬೆಳೆಯುವ ವಯಸ್ಸಿನವರು, ತಿಂಗಳ ಮುಟ್ಟು ಶುರುವಾದವರು, ಬೆಳಿಗ್ಗೆ ಚಹಾ ಮತ್ತು ಎರಡು ಟೋಸ್ಟ್ ತಿಂದು ಓಡುವವರು. ಶಾಲೆಯಲ್ಲಿ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರಲ್ಲ, ಎಷ್ಟು ಮಕ್ಕಳು ನಿಜವಾಗಿ ನುಂಗುತ್ತಾರೆಂದು ಕೇಳಿ ನೋಡಿ. ಕಿಟಕಿಯಾಚೆ ಬಿದ್ದಿರುತ್ತವೆ. ಒಂದೇ ಬಿಂದುವಿನಲ್ಲಿ ಕಾಡುವ ನೋವನ್ನು ಮಗು ಹೇಳಿದರೆ ನಾಲ್ಕು ದಿನ ಓಟ ನಿಲ್ಲಿಸಿ ತೋರಿಸಿ. ಉಳುಕಿದ ಮೊದಲ ಎರಡು ದಿನ ಬಿಸಿ ಎಣ್ಣೆ ಬೇಡ, ನೀವುವುದು ಬೇಡ. ಬಟ್ಟೆಯಲ್ಲಿ ಸುತ್ತಿದ ಐಸ್ ಹದಿನೈದಿಪ್ಪತ್ತು ನಿಮಿಷ ಇಟ್ಟು ತೆಗೆಯಿರಿ, ಕಾಲು ದಿಂಬಿನ ಮೇಲೆ ಎತ್ತರದಲ್ಲಿರಲಿ.

ಮತ್ತೆ ಆಪಾಳ ಮನೆಗೆ ಬರೋಣ. ಕಾಲಿಗಿಂತ ದೊಡ್ಡ ಗಲಾಟೆ ಬೇರೆಯೇ ಇತ್ತು. ತಂಡದಲ್ಲಿ ಹನ್ನೆರಡು ಮಂದಿ, ಅಂಗಳಕ್ಕಿಳಿಯುವವರು ಒಂಬತ್ತು. ಆಯ್ಕೆಯ ದಿನ ಕೊನೆಯ ಸ್ಥಾನಕ್ಕೆ ಇಬ್ಬರು ಹುಡುಗಿಯರು ಉಳಿದಿದ್ದರು. ಒಬ್ಬಳು ನಮ್ಮವಳು, ಮಿಂಚಿನಂತೆ ಓಡುವವಳು. ಇನ್ನೊಬ್ಬಳು ಎಂಟನೆಯ ತರಗತಿಯ ಹುಡುಗಿ, ವೇಗ ಕಡಿಮೆ, ಆದರೆ ಎಂದೂ ಅಭ್ಯಾಸ ತಪ್ಪಿಸಿದವಳಲ್ಲ. ಪಿ.ಟಿ. ಮೇಡಂ ನಮ್ಮವಳನ್ನು ಆರಿಸಿದರು, ಆ ಹುಡುಗಿಯನ್ನು ಕಾಯ್ದಿರಿಸಿದವರಲ್ಲೂ ಸೇರಿಸಲಿಲ್ಲ. ಈಗ ಕಾಲು ಮುರಿದ ಮೇಲೆ ಊರೆಲ್ಲ ಆಯ್ಕೆ ಸಮಿತಿ. ಆ ಹುಡುಗಿಯ ತಾಯಿ ನಲ್ಲಿಯ ಬಳಿ ಹೇಳಿದ್ದು ಆಪಾಳ ಕಿವಿಗೆ ಬಿದ್ದಿತ್ತು: "ಗಟ್ಟಿ ಇದ್ದಾಕಿನ್ನ ಬಿಟ್ಟು ಸೂಕ್ಷ್ಮ ಇದ್ದಾಕಿನ್ನ ತಗೊಂಡ್ರ ಇನ್ನೇನಾಗ್ತದ?" ಆಪಾ ಅದಕ್ಕಿಂತ ಮುಂದೆ ಹೋಗಿದ್ದಳು. ಮೇಡಂ ಆರಿಸಿದ್ದೇ ತಪ್ಪು, ತಾನು ಕಳಿಸಿದ್ದು ಅದಕ್ಕಿಂತ ತಪ್ಪು, ಹೆಣ್ಣು ಹುಡುಗಿಗೆ ಇನ್ನು ಆಟವೇ ಬೇಡ, ಹತ್ತನೆಯ ನಂತರ ಕಲಬುರಗಿಯ ಹಾಸ್ಟೆಲಿನ ಮಾತೂ ಬೇಡ. ಎಲುಬಿನ ಬಿರುಕು ಹೇಗೆ ಹಾಸ್ಟೆಲಿನವರೆಗೆ ಹೋಯಿತೆಂದು ನನಗೆ ತಿಳಿಯಲಿಲ್ಲ. ತಾಯಂದಿರಿಗೆ ತಿಳಿಯುತ್ತದೆ.

ಹುಡುಗಿಯ ಮಂಚದ ತಲೆದೆಸೆಯ ಗೋಡೆಗೆ ಪತ್ರಿಕೆಯಿಂದ ಕತ್ತರಿಸಿದ ಒಂದು ಚಿತ್ರ ಅಂಟಿಸಿತ್ತು. ಶ್ರೇಯಾಂಕಾ ಪಾಟೀಲ್. ನಮ್ಮ ಕಲಬುರಗಿಯಲ್ಲಿ 2002ರಲ್ಲಿ ಹುಟ್ಟಿದ ಹುಡುಗಿ, ಆಫ್‌ಸ್ಪಿನ್ ಬೌಲರ್. ಕ್ರಿಕೆಟ್ ಎಂದರೆ ಗಂಡಸರ ಟಿ.ವಿ. ಎಂದುಕೊಂಡಿದ್ದ ನನಗೆ ಆ ರಾತ್ರಿ ಮಂಚದ ಮೇಲಿಂದಲೇ ಪಾಠವಾಯಿತು. ಕೇಳಿದ್ದನ್ನು ಹಾಗೆಯೇ ನಿಮಗೆ ಒಪ್ಪಿಸುತ್ತೇನೆ.

ಮಹಿಳಾ ಪ್ರೀಮಿಯರ್ ಲೀಗಿನಲ್ಲಿ ಆಟಗಾರ್ತಿಯರನ್ನು ಹರಾಜಿನಲ್ಲಿ ಆರಿಸಿಕೊಳ್ಳುತ್ತಾರೆ. 2023ರ ಮೊದಲ ಹರಾಜಿನಲ್ಲಿ ಬೆಂಗಳೂರು ತಂಡ ಶ್ರೇಯಾಂಕಾಳನ್ನು 10 ಲಕ್ಷ ರೂಪಾಯಿಗೆ ತೆಗೆದುಕೊಂಡಿತು. 2024ರಲ್ಲಿ ಬೆರಳಿನ ಎಲುಬು ಸೀಳಿ ಎರಡು ಪಂದ್ಯ ಹೊರಗುಳಿದರೂ 13 ವಿಕೆಟ್ ಪಡೆದು ಇಡೀ ಟೂರ್ನಿಗೆ ಮೊದಲಿಗಳಾದಳು. ದೆಹಲಿಯ ವಿರುದ್ಧ ಮಾರ್ಚ್ 17ರ ಫೈನಲ್‌ನಲ್ಲಿ 12 ರನ್ ಕೊಟ್ಟು 4 ವಿಕೆಟ್. ಕಪ್ಪು ಬೆಂಗಳೂರಿಗೆ ಬಂತು. ಅವಳ ಹಿಂದೆಯೇ ಇದ್ದವರು ಅದೇ ತಂಡದ ಇಬ್ಬರು, ಕೇರಳದ ಆಶಾ ಶೋಭನಾ ಮತ್ತು ಆಸ್ಟ್ರೇಲಿಯಾದ ಸೋಫಿ ಮಾಲಿನೋ, ತಲಾ 12 ವಿಕೆಟ್. ಮೂವರದು ಸೇರಿದರೆ 37.

2025ರ ಟೂರ್ನಿ ಬಂತು. ಮಾಲಿನೋಗೆ ಮೊಣಕಾಲು, ಆಶಾಗೆ ಮೊಣಕಾಲು, ಶ್ರೇಯಾಂಕಾಗೂ ಗಾಯ. ಮೂವರೂ ಇಲ್ಲ! ಕೇಟ್ ಕ್ರಾಸ್‌ಗೆ ಬೆನ್ನುನೋವು, ಸೋಫಿ ಡಿವೈನ್ ತಾವಾಗಿಯೇ ಹಿಂದೆ ಸರಿದರು. ಫೆಬ್ರವರಿಯಲ್ಲಿ ಮೊದಲೆರಡು ಪಂದ್ಯ ಗೆದ್ದ ತಂಡ ಆ ಮೇಲೆ ಸತತವಾಗಿ ಐದು ಸೋತಿತು. ಬೆಂಗಳೂರಿನ ನಾಲ್ಕಕ್ಕೆ ನಾಲ್ಕೂ ಹೋದವು. ಐದು ತಂಡಗಳಲ್ಲಿ ನಾಲ್ಕನೆಯ ಸ್ಥಾನ.

"ಆಗ ಎಲ್ಲರೂ ಬೈದರು ಖಾಲಾ" ಎಂದಳು ಹುಡುಗಿ. "ಹರಾಜಿನಲ್ಲಿ ಅವರನ್ನು ಯಾಕೆ ತೆಗೆದುಕೊಂಡಿರಿ, ಇವರನ್ನು ಯಾಕೆ ಬಿಟ್ಟಿರಿ ಅಂತ." ಸ್ವಲ್ಪ ಹೊತ್ತು ಸುಮ್ಮನಿದ್ದು ಪ್ಲಾಸ್ಟರಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ, "ಮೇಡಂಗೂ ಹಾಗೇ ಬೈಯುತ್ತಿದ್ದಾರೆ. ನೋವು ಮುಚ್ಚಿಟ್ಟದ್ದು ನಾನು" ಎಂದಳು.

ಮರುದಿನ ಚಿತ್ತಾಪುರ. ಪ್ಲಾಸ್ಟರಿನ ಕಾಲು ಹೊತ್ತು ಬರುತ್ತೇನೆಂದು ಹಟ ಹಿಡಿದಳು. ಕೊನೆಗೆ ದುಲ್ಹಾಭಾಯಿ ಪರಿಚಯದವರ ಆಟೋ ಗೊತ್ತು ಮಾಡಿದರು. ಚಿತ್ತಾಪುರ ತೊಗರಿಯ ಸೀಮೆ, ಹಿಂದೆ ದೊಡ್ಡ ಘಟಿಕಾಸ್ಥಾನವಿದ್ದ ನಾಗಾವಿ ಇರುವುದು ಇದರ ಪಕ್ಕದಲ್ಲೇ. ಸಾವಿರ ವರ್ಷದ ಹಿಂದೆ ದೂರದ ಊರಿನ ಮಕ್ಕಳು ಓದಲು ಬರುತ್ತಿದ್ದ ಜಾಗ ಎಂದು ದುಲ್ಹಾಭಾಯಿ ಆಪಾಳಿಗೆ ಕೇಳಿಸುವಂತೆ ಹೇಳಿದರು. ಆಪಾ ಹೊರಗೆ ನೋಡುತ್ತಿದ್ದಳು.

ಹಿಂದಿನ ರಾತ್ರಿ ಮಳೆ ಬಂದಿತ್ತು. ಅಂಗಳಕ್ಕೆ ಮರಳು ಚೆಲ್ಲಿ ಸುಣ್ಣದ ಗೆರೆ ಎಳೆದಿದ್ದರು. ತಾಲ್ಲೂಕಿನ ಎಷ್ಟೋ ಶಾಲೆಗಳ ಹುಡುಗಿಯರು. ತಲೆಗೆ ಸ್ಕಾರ್ಫ್ ಬಿಗಿದು ಪೂರ್ತಿ ತೋಳಿನ ಜೆರ್ಸಿ, ಟ್ರ್ಯಾಕ್ ಪ್ಯಾಂಟ್ ತೊಟ್ಟ ನಮ್ಮ ಹುಡುಗಿಯರೂ, ಎರಡು ಜಡೆ ಕಟ್ಟಿ ಕೆಂಪು ರಿಬ್ಬನ್ ಹಾಕಿದವರೂ ಒಂದೇ ಸಾಲಿನಲ್ಲಿ ಬೆನ್ನುಮುಖವಾಗಿ ಕುಳಿತಿದ್ದರು. ಅರ್ಧಕ್ಕರ್ಧ ಮಕ್ಕಳು ಬರಿಗಾಲು. ನಮ್ಮವಳ ಜಾಗಕ್ಕೆ ಬಂದಿದ್ದವಳು ಅದೇ ಎಂಟನೆಯ ತರಗತಿಯ ಹುಡುಗಿ. ಮೊದಲ ಪಂದ್ಯದಲ್ಲಿ ಸುಮ್ಮನೆ ಸಿಕ್ಕಿಬಿದ್ದಳು. ಎರಡನೆಯದರಲ್ಲಿ ನೋಡಬೇಕಿತ್ತು! ವೇಗವಿಲ್ಲ, ನಿಜ. ಆದರೆ ಅಟ್ಟಿಸಿಕೊಂಡು ಬರುವವಳ ಭುಜ ಎತ್ತ ವಾಲುತ್ತದೆಂದು ನೋಡಿ ಸಾಲಿನ ನಡುವೆ ನುಸುಳುತ್ತಾ ಮೂರು ನಿಮಿಷ ಯಾರ ಕೈಗೂ ಸಿಗಲಿಲ್ಲ. ನಮ್ಮವಳು ಆಟೋದ ಸೀಟಿನಲ್ಲಿ ಕಾಲು ಚಾಚಿ ಕುಳಿತು ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಸೆಮಿಫೈನಲ್‌ನಲ್ಲಿ ಎರಡು ಅಂಕದಿಂದ ತಂಡ ಸೋತಿತು.

ಪಿ.ಟಿ. ಮೇಡಂ ಬಂದು ನಮ್ಮವಳ ತಲೆ ಸವರಿದರು. ನಾನೇ ಮಾತು ತೆಗೆದೆ. ಅವರು ಸಂಕೋಚಪಡಲಿಲ್ಲ. "ನೋಡ್ರಿ ಅಕ್ಕಾರ, ಅವತ್ತು ನನ್ನ ಮುಂದ ಇದ್ದದ್ದು ಇಬ್ರು. ಒಬ್ಬಾಕಿ ಓಡ್ತಾಳ, ಒಬ್ಬಾಕಿ ಅಷ್ಟು ಓಡಂಗಿಲ್ಲ. ನಾಳೆ ಕಾಲು ಮುರೀತದಂತ ನನಗೇನು ಗೊತ್ತಿತ್ತು? ಮತ್ತ ಅವತ್ತೇ ಆರಿಸ್ರಿ ಅಂದ್ರ ಈಕಿನ್ನೇ ಆರಿಸ್ತೀನಿ. ತಪ್ಪಾಗಿದ್ದು ಅದಲ್ಲ. ಇನ್ನೊಬ್ಬಾಕಿನ್ನ ಕಾಯ್ದಿಟ್ಟೋರೊಳಗ ಹಾಕ್ಲಿಲ್ಲ, ಅದು ನನ್ನ ತಪ್ಪು. ಈ ಹುಡುಗಿ ಎರಡು ವಾರ ಕುಂಟಕೋತ ಬಂದದ್ದು ನಾ ನೋಡ್ಲಿಲ್ಲ, ಅದೂ ನನ್ನ ತಪ್ಪು. ನಲವತ್ತು ಮಕ್ಕಳಿಗೆ ಒಬ್ಬಾಕಿ ಅದೀನ್ರಿ ನಾ."

ಆಪಾ ಏನೂ ಅನ್ನಲಿಲ್ಲ. ಡಬ್ಬಿಯಲ್ಲಿ ತಂದಿದ್ದ ಜೋಳದ ರೊಟ್ಟಿ, ಪುಂಡಿಪಲ್ಯ ತೆಗೆದು ಮೇಡಂ ಮುಂದೆ ಇಟ್ಟಳು. ಇಷ್ಟಾದರೂ ಆಯಿತಲ್ಲ ಎಂದುಕೊಂಡೆ.

ಮಾರನೆಯ ದಿನ ನಾನೊಬ್ಬಳೇ ಸೇಡಂ ಗಾಡಿ ಹತ್ತಿದೆ. ಚಿತ್ತಾಪುರ ದಾಟಿದರೆ ಮಳಖೇಡ ರೋಡ್ ಸ್ಟೇಷನ್. ರಾಷ್ಟ್ರಕೂಟರ ಮಾನ್ಯಖೇಟ ಇದೇ, ಅಮೋಘವರ್ಷ ಆಳಿದ ಊರು. ಕಾಗಿಣಾ ನದಿಯ ದಂಡೆಯಲ್ಲಿ ಕೋಟೆಯ ಗೋಡೆಗಳು ಇನ್ನೂ ನಿಂತಿವೆ, ಅದೂ ಇದೇ ಬೂದುಕಲ್ಲು. ಆಗಸ್ಟಿನಲ್ಲಿ ಹೊಲಗಳೆಲ್ಲ ತೊಗರಿ, ಹೆಸರು, ಉದ್ದು. ನಮ್ಮ ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಬೇರೆ ಊರಿನ ಬೇಳೆಯಲ್ಲಿ ದಾಲ್ಚಾ ಮಾಡಿ, ಈ ಬೇಳೆಯಲ್ಲೊಮ್ಮೆ ಮಾಡಿ, ನಿಮಗೇ ಗೊತ್ತಾಗುತ್ತದೆ.

ಸೇಡಂನಲ್ಲಿ ಫುಫಾ ನಿವೃತ್ತರು. ಕ್ರಿಕೆಟ್ಟೇ ಅವರ ಕಸುಬು. ವಾಡಿಯ ಕಥೆ ಹೇಳಿದ್ದೇ ತಡ, ಅವರು ನೇರವಾಗಿ ಬೆಂಗಳೂರು ತಂಡಕ್ಕೆ ಹೋದರು. 2024ರ ಡಿಸೆಂಬರ್ 15ರ ಹರಾಜಿನಲ್ಲಿ ಹಿಂದೆ ಈ ಲೀಗಿನಲ್ಲಿ ಒಂದು ಪಂದ್ಯವನ್ನೂ ಆಡಿರದ ಪ್ರೇಮಾ ರಾವತ್ ಎಂಬ ಹುಡುಗಿಗೆ 1.20 ಕೋಟಿ ಕೊಟ್ಟರು, ಅನುಭವಿ ಸ್ನೇಹ್ ರಾಣಾಳನ್ನು 30 ಲಕ್ಷಕ್ಕೂ ಕೊಳ್ಳಲಿಲ್ಲ ಎಂದು ಅವರ ತಕರಾರು. "ಫುಫಾ, ಬೇರೆ ನಾಲ್ಕು ತಂಡದವರು ಕೊಂಡರೇ?" ಎಂದೆ. ಇಲ್ಲ, ಅಂದು ಅವಳನ್ನು ಯಾರೂ ಕೊಳ್ಳಲಿಲ್ಲ. ಶ್ರೇಯಾಂಕಾ ಗಾಯಗೊಂಡ ಮೇಲೆ ಅದೇ 30 ಲಕ್ಷಕ್ಕೆ ಬದಲಿಯಾಗಿ ಕರೆಸಿದರು. ಲಕ್ನೋದಲ್ಲಿ ಮಾರ್ಚ್ 8ರಂದು ಅವಳು 6 ಎಸೆತಗಳಲ್ಲಿ 26 ರನ್ ಹೊಡೆದಳು. ಮುಂದೆ ಶ್ರೀಲಂಕಾದ ತ್ರಿಕೋನ ಸರಣಿಯಲ್ಲಿ ಭಾರತಕ್ಕಾಗಿ 15 ವಿಕೆಟ್ ಪಡೆದು ಸರಣಿ ಶ್ರೇಷ್ಠೆಯಾದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹರಾಜಿನ ಲೆಕ್ಕವೂ ಅದೇ. ಒಲೆ ಉರಿದ ಮೇಲೆ ಯಾವ ಕಟ್ಟಿಗೆ ಒಣಗಿತ್ತೆಂದು ಎಲ್ಲರಿಗೂ ಗೊತ್ತು.

ಅಲ್ಲೇ ಕುಳಿತು ಬಟಾಣಿ ಸುಲಿಯುತ್ತಿದ್ದ ಫುಫಿ ಕೇಳಿದರು, "ಇನ್ನೊಬ್ಬಳ ಕಾಲು ಹೋಯಿತಲ್ಲ, ಆ ಆಶಾ, ಅವಳ ಜಾಗಕ್ಕೆ ಯಾರು ಬಂದರು?" ಬಂದವಳು ನುಝಹತ್ ಪರ್ವೀನ್. ಮಧ್ಯಪ್ರದೇಶದ ಸಿಂಗ್ರೌಲಿಯ ಹುಡುಗಿ, ವಿಕೆಟ್ ಕೀಪರ್. ಚಿಕ್ಕವಳಿದ್ದಾಗ ಆಡಿದ್ದು ಫುಟ್‌ಬಾಲ್, ರಾಜ್ಯದ 16 ವರ್ಷದೊಳಗಿನವರ ತಂಡಕ್ಕೆ ನಾಯಕಿ. 2017ರ ವಿಶ್ವಕಪ್‌ಗೆ ಹೋದ ಭಾರತ ತಂಡದಲ್ಲೂ ಇದ್ದಳು. ದೇಶೀಯ ಕ್ರಿಕೆಟಿನಲ್ಲಿ ಸ್ನೇಹ್ ರಾಣಾಳಂತೆ ಅವಳೂ ಆಡಿದ್ದು ರೈಲ್ವೇಸ್ ತಂಡಕ್ಕೆ. "ರೈಲ್ವೆಯವಳೇ?" ಎಂದು ಫುಫಿ ಕಣ್ಣರಳಿಸಿದರು. ಅವರ ಮೈಕೆ ವಾಡಿ ನೋಡಿ, ರೈಲ್ವೆ ಎಂದರೆ ಸ್ವಂತ ಮನೆ. "ಹಾಗಾದರೆ ಅದನ್ನು ನಿನ್ನ ಆಪಾಳಿಗೆ ಹೇಳು" ಎಂದರು.

ಸೇಡಂನಿಂದ ಚಿಂಚೋಳಿಗೆ ರೈಲಿಲ್ಲ. ಬಸ್ಸು. 2023ರ ಜೂನ್‌ನಿಂದ ಆಧಾರ್ ಕಾರ್ಡ್ ತೋರಿಸಿದರೆ ನಮಗೆ ಟಿಕೆಟ್ ಹಣವಿಲ್ಲ, ಆದ್ದರಿಂದ ಬಸ್ಸಿನಲ್ಲಿ ಮುಕ್ಕಾಲು ಪಾಲು ಹೆಂಗಸರೇ. ಸುಲೇಪೇಟ ದಾಟಿ ಮುಂದೆ ಹೋದಂತೆ ಕಲ್ಲಿನ ಬೂದು ಬಣ್ಣ ಹಿಂದೆ ಸರಿದು ಕೆಂಪು ಮಣ್ಣು, ಗುಡ್ಡ, ಕಾಡು ಬರುತ್ತದೆ. ಬಿಸಿಲ ನಾಡೆಂದು ಹೆಸರಾದ ಜಿಲ್ಲೆಯಲ್ಲಿ ಇಂಥ ಹಸಿರಿದೆ ಎಂದರೆ ನೀವು ನಂಬಲಿಕ್ಕಿಲ್ಲ. ಚಿಂಚೋಳಿಯ ಕಾಡು 2011ರಿಂದ ವನ್ಯಜೀವಿ ಧಾಮ. ಮಳೆಗಾಲದಲ್ಲಿ ಎತ್ತಿಪೋತ ಜಲಪಾತ, ಚಂದ್ರಂಪಳ್ಳಿ ಜಲಾಶಯ ನೋಡಲು ಕುಟುಂಬ ಸಮೇತ ಬುತ್ತಿ ಕಟ್ಟಿಕೊಂಡು ಹೋಗುವವರುಂಟು. ನಾನು ಈ ಸಲ ಹೋಗಲಿಲ್ಲ. ಚಾಚಾನ ಮನೆಯಲ್ಲೇ ಎರಡು ದಿನ ಕಳೆದವು.

ಅಲ್ಲಿ ಬಾಜಿ ಇದ್ದಾಳೆ, ಚಾಚಾನ ಹಿರಿಯ ಮಗಳು, ನನಗಿಂತ ಐದು ವರ್ಷ ದೊಡ್ಡವಳು. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಸುತ್ತ ಬ್ಲೌಸು, ಕುರ್ತಾಗಳ ರಾಶಿ. ನಮಾಝ್ ಕುರ್ಚಿಯ ಮೇಲೆ. ಬಲ ಮೊಣಕಾಲು ಮಡಚುವುದಿಲ್ಲ. ಇದನ್ನು ನಾನು ಬಹಳ ವರ್ಷದಿಂದ ನೋಡಿದ್ದೇನೆ, ಕಾರಣ ಕೇಳಿರಲಿಲ್ಲ. ಕುಟುಂಬದಲ್ಲಿ ಕೆಲವು ಮಾತು ಯಾರೂ ಕೇಳುವುದಿಲ್ಲವಲ್ಲ, ಹಾಗೆ.

ವಾಡಿಯ ಹುಡುಗಿಯ ಸುದ್ದಿ ಹೇಳಿದಾಗ ಬಾಜಿ ಯಂತ್ರ ನಿಲ್ಲಿಸಿದಳು. ಅವಳೂ ಖೋ ಖೋ ಆಡುತ್ತಿದ್ದಳಂತೆ! 1991ರಲ್ಲಿ, ಒಂಬತ್ತನೆಯ ತರಗತಿಯಲ್ಲೇ. ಜಿಲ್ಲಾ ತಂಡಕ್ಕೆ ಆಯ್ಕೆಯಾಗಿತ್ತು. ಹೊರಡಲು ನಾಲ್ಕು ದಿನ ಇರುವಾಗ ಓಡುತ್ತಾ ತಟ್ಟನೆ ತಿರುಗಿದಳು, ಮೊಣಕಾಲಿನೊಳಗೆ ಟಪ್ ಎಂದು ಸದ್ದಾಯಿತು. ಎಲುಬು ಕಟ್ಟುವವರು ಬಂದು ಪಟ್ಟಿ ಕಟ್ಟಿ ಹೋದರು. ಚಾಚಾ ಅಂದೇ ತೀರ್ಮಾನ ಮಾಡಿದರು. ಆಟವೂ ಬೇಡ, ಶಾಲೆಯೂ ಬೇಡ. ಓಡಾಡಿದ್ದಕ್ಕೇ ಹೀಗಾಯಿತು.

ಒಳಗೆ ಎಲೆಅಡಿಕೆ ಕುಟ್ಟುತ್ತಿದ್ದ ಚಾಚಿ, ಎಂಬತ್ತು ದಾಟಿದವರು, ಕೇಳಿಸಿಕೊಂಡರು. "ನಾನಾದರೂ ಬಾಯಿ ಬಿಡಬೇಕಿತ್ತು" ಎಂದರು. ಮೂವತ್ತನಾಲ್ಕು ವರ್ಷದಿಂದ ಅದೇ ಮಾತು ಹೇಳುತ್ತಿದ್ದಾರೆಂದು ಬಾಜಿ ನಕ್ಕಳು. "ಅಮ್ಮಿ ಆಡಲು ಕಳಿಸಿದ್ದು ತಪ್ಪಾಯಿತು ಅಂತ ಹತ್ತು ವರ್ಷ ಅತ್ತರು, ಬಿಡಿಸಿದ್ದು ತಪ್ಪಾಯಿತು ಅಂತ ಆಮೇಲೆ ಇಷ್ಟು ವರ್ಷ. ನನಗೆ ಕಳಿಸಿದ್ದರ ಮೇಲೆ ಸಿಟ್ಟಿಲ್ಲ" ಎಂದಳು.

ತಟ್ಟನೆ ಓಡಿ ತಿರುಗುವ ಆಟಗಳಲ್ಲಿ ಮೊಣಕಾಲಿನ ಒಳಗಿನ ಹಗ್ಗದಂಥ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು ಎಂದು ವೈದ್ಯರು ಈಗ ಚೆನ್ನಾಗಿ ಬಲ್ಲರು. ಅದು ಎಕ್ಸ್‌ರೇಯಲ್ಲಿ ಕಾಣಿಸುವುದಿಲ್ಲ, ಸ್ಕ್ಯಾನ್ ಬೇಕು. ತೊಡೆಯ ಸ್ನಾಯು ಬಲಪಡಿಸುವ, ಜಿಗಿದು ನೆಲಕ್ಕಿಳಿಯುವುದನ್ನು ಕಲಿಸುವ ಸಣ್ಣ ಕಸರತ್ತುಗಳನ್ನು ಆಟಕ್ಕೆ ಮೊದಲು ಹತ್ತಿಪ್ಪತ್ತು ನಿಮಿಷ ಮಾಡಿಸಿದರೆ ಇಂಥ ಗಾಯ ಎಷ್ಟೋ ಕಡಿಮೆಯಾಗುತ್ತದೆ. ಖರ್ಚಿಲ್ಲದ ಕೆಲಸ. 1991ರ ಚಿಂಚೋಳಿಯಲ್ಲಿ ಇದನ್ನು ಹೇಳುವವರು ಯಾರಿದ್ದರು? ಇವತ್ತು ಹೇಳುವವರಿದ್ದೂ ನಾವು ಕೇಳದಿದ್ದರೆ ಅದು ಬೇರೆ ಮಾತು.

ರಾತ್ರಿ ಬಾಜಿ ನನ್ನ ಫೋನಿನಿಂದಲೇ ಆಪಾಳಿಗೆ ಮಾತಾಡಿದಳು. ಬುದ್ಧಿವಾದ ಹೇಳುತ್ತಾಳೆಂದು ನಾನು ಕಾದೆ. ಹೇಳಲಿಲ್ಲ. ಎರಡೇ ಪ್ರಶ್ನೆ. "ಎಕ್ಸ್‌ರೇ ತೆಗೆಸಿದೆಯಾ?" ಆ ಕಡೆಯಿಂದ ಹೂಂ. "ನನ್ನದು ಯಾರೂ ತೆಗೆಸಲಿಲ್ಲ ನೋಡು. ಶಾಲೆಗೆ ಹೋಗುತ್ತಿದ್ದಾಳಾ?" ಆ ಕಡೆ ಬಹಳ ಹೊತ್ತು ಮೌನ. ಆಮೇಲೆ ಇಬ್ಬರೂ ಉಪ್ಪಿನಕಾಯಿಯ ಮಾತಿಗೆ ಹೊರಳಿದರು.

ನಾನು ಹುಬ್ಬಳ್ಳಿಗೆ ವಾಪಸಾದ ಮೇಲೆ ಆಪಾ ಸೋಮವಾರದಿಂದ ಹುಡುಗಿಯನ್ನು ಆಟೋದಲ್ಲಿ ಶಾಲೆಗೆ ಕಳಿಸುತ್ತಿದ್ದಾಳೆಂದು ತಿಳಿಯಿತು. ಸೆಪ್ಟೆಂಬರ್ ಕೊನೆಗೆ ಪ್ಲಾಸ್ಟರ್ ಬಿಚ್ಚಿದರು. ಕಾಲು ತೆಳ್ಳಗೆ ಬಿಳಿಚಿಕೊಂಡಿತ್ತಂತೆ. ಡಾಕ್ಟರು ಹೇಳಿದಂತೆ ಮೊದಲು ನಡಿಗೆ, ಆಮೇಲೆ ಮೆಟ್ಟಿಲು, ಓಟಕ್ಕೆ ಅವಸರವಿಲ್ಲ. ರಾಗಿ ಮಾಲ್ಟ್, ಮೊಟ್ಟೆ, ಬೆಳಗಿನ ಬಿಸಿಲು. ನೀಲಿ ಮಾತ್ರೆಯನ್ನು ಆಪಾ ಎದುರಿಗೇ ನಿಂತು ನುಂಗಿಸುತ್ತಾಳೆ. ಹಾಸ್ಟೆಲಿನ ಮಾತನ್ನು ಯಾರೂ ಎತ್ತಿಲ್ಲ. ಬೇಡವೆಂದೂ ಹೇಳಿಲ್ಲ.

ಶ್ರೇಯಾಂಕಾಳನ್ನು ಮುಂದಿನ ಲೀಗಿಗೆ ಬೆಂಗಳೂರು ತಂಡ 60 ಲಕ್ಷಕ್ಕೆ ಉಳಿಸಿಕೊಂಡಿತು. ಹಿಂದಿನ ಲೀಗ್ ಪೂರ್ತಿ ಆಡದಿದ್ದವಳನ್ನು! 2026ರ ಜನವರಿಯಲ್ಲಿ ಅವಳು ಗುಜರಾತ್ ತಂಡದ ಐದು ವಿಕೆಟ್ ಕಿತ್ತದ್ದನ್ನು ವಾಡಿಯಿಂದ ನನಗೆ ಮೂರು ಸಲ ಹೇಳಲಾಯಿತು.

ಆದರೆ ನನಗೆ ನೆನಪಿರುವುದು ಅದಕ್ಕೂ ಮುಂಚಿನ ಒಂದು ಫೋನ್. 2025ರ ನವೆಂಬರ್ 2, ಭಾನುವಾರ. ಮಳೆಯಿಂದ ತಡವಾಗಿ ಶುರುವಾದ ವಿಶ್ವಕಪ್ ಫೈನಲ್ ನವಿ ಮುಂಬೈಯಲ್ಲಿ ಮುಗಿಯುವಾಗ ನಡುರಾತ್ರಿ. ದಕ್ಷಿಣ ಆಫ್ರಿಕಾವನ್ನು ಸೋಲಿಸಿ ನಮ್ಮ ಹುಡುಗಿಯರು ಮೊದಲ ಬಾರಿಗೆ ಕಪ್ ಎತ್ತಿದ್ದರು. ಮಲಗಿದ್ದ ನನ್ನ ಫೋನ್ ಹೊಡೆದುಕೊಂಡಿತು.

"ಖಾಲಾ, ನೋಡಿದಿರಾ? ಶೆಫಾಲಿ ವರ್ಮಾ! ಪ್ರತಿಕಾ ರಾವಲ್ ಕಾಲು ಉಳುಕಿಸಿಕೊಂಡಳಲ್ಲ, ಆಮೇಲೆ ಕರೆದದ್ದು. ಮೊದಲು ಲಿಸ್ಟಿನಲ್ಲೇ ಇರಲಿಲ್ಲ ಖಾಲಾ, ಕಾಯ್ದಿರಿಸಿದವರಲ್ಲೂ ಇರಲಿಲ್ಲ! 87 ರನ್, ಎರಡು ವಿಕೆಟ್!" ಉಸಿರು ಬಿಡದೆ ಹೇಳುತ್ತಿದ್ದಳು. "ಪ್ರತಿಕಾ ಗಾಲಿಕುರ್ಚಿಯಲ್ಲಿ ಬಂದು ಎಲ್ಲರ ಜೊತೆ ಕುಣಿದಳು, ನೋಡಿದಿರಾ?"

ಹಿಂದಿನಿಂದ ಗೂಡ್ಸ್ ಗಾಡಿಯ ಸದ್ದು, ಕಪಾಟಿನ ಕಿಣಿಕಿಣಿ. ಅದರ ನಡುವೆ ಆಪಾಳ ದನಿ ಕೇಳಿಸಿತು.

"ಫೋನ್ ಇಡು, ಮಲಗು. ಬೆಳಿಗ್ಗೆ ಐದೂವರೆಗೆ ಏಳಬೇಕು ಅಂತ ಮೇಡಂ ಹೇಳಿದ್ದಾರಲ್ಲ. ಬೂಟಿಗೆ ಲೇಸ್ ಹಾಕಿ ಬಾಗಿಲ ಹತ್ತಿರ ಇಟ್ಟಿದ್ದೇನೆ."